ನಿಮಗಿದು ಗೊತ್ತೆ? ಹತ್ತಿಯಿಂದ ಹುಟ್ಟಿದ ಹಗೆ

ರೋಣ, ನರಗುಂದ, ಗಜೇಂದ್ರಗಡಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ, ಈ ಊರುಗಳೂ ಸೇರಿದ್ದ ಧಾರವಾಡ ಸೀಮೆಯ ಎರೆಹೊಲದ ಹತ್ತಿಗೆ ಇಂಗ್ಲೆಂಡಿನಲ್ಲಿ ಭಾರೀ ಬೇಡಿಕೆ. ಅರಳೆ ಇಳಿಯುತ್ತಿದ್ದುದು ಲಿವರ್‌ಪೂಲ್ ಬಂದರಿನಲ್ಲಿ, ನೂಲಾಗುತ್ತಿದ್ದುದು ಮ್ಯಾಂಚೆಸ್ಟರ್ ಪ್ರದೇಶದ ಗಿರಣಿಗಳಲ್ಲಿ. ಬಂದರಿನ ಶುಲ್ಕಕ್ಕೆ ಬೇಸತ್ತ ಮ್ಯಾಂಚೆಸ್ಟರ್, ಸುಮಾರು 58 ಕಿ.ಮೀ. ಕಾಲುವೆ ತೋಡಿ 1894ರಲ್ಲಿ ಹಡಗನ್ನೇ ತನ್ನೂರಿಗೆ ತರಿಸಿಕೊಂಡಿತು! ಲಿವರ್‌ಪೂಲ್ ಸುಮ್ಮನಿದ್ದೀತೆ? ಅದೇ ವರ್ಷದ ಏಪ್ರಿಲ್‌ನಲ್ಲಿ ಅದರ ಫುಟ್‌ಬಾಲ್ ತಂಡ ನ್ಯೂಟನ್ ಹೀತ್ ತಂಡವನ್ನು 2–0ರಿಂದ ಮಣಿಸಿ ಕೆಳದರ್ಜೆಗೆ ತಳ್ಳಿತು. ಆ ನ್ಯೂಟನ್ ಹೀತ್ ತಂಡವೇ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ಅದರ ಲಾಂಛನದಲ್ಲಿ ಇಂದಿಗೂ ಹಡಗಿದೆ. 2025ರ ಹೊತ್ತಿಗೆ ಲೀಗ್ ಪ್ರಶಸ್ತಿಗಳ ಲೆಕ್ಕ: ಇಬ್ಬರದೂ 20.