ಕಿಲುಬು ಹಿಡಿದ ಗಣಕಯಂತ್ರ

ಕಿಲುಬಿದ ತಾಮ್ರದ ಪಾತ್ರೆಯನ್ನು ನಾವು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತೇವೆ. ಕಿಲುಬೆಂಬುದು ಹೊರಗಿನಿಂದ ಬಂದಂಟಿದ ಕೊಳೆಯಲ್ಲ. ರೂಪಾಂತರ ಹೊಂದಿದ ತಾಮ್ರವೇ ಅದು. ಪಾತ್ರೆ ದಪ್ಪವಾದುದರಿಂದ ಈ ನಷ್ಟ ನಮಗೆ ತೋರದು. ಗಣಕಯಂತ್ರದ ವಿಷಯ ಹಾಗಲ್ಲ.

1987ರಲ್ಲಿ ಮಾರುಕಟ್ಟೆಗೆ ಬಂದ ಅಮಿಗಾ 2000 ಯಂತ್ರವನ್ನೇ ನೋಡೋಣ. ಗಡಿಯಾರವನ್ನು ನಡೆಸಲೆಂದು ಅದರ ಮುಖ್ಯ ಹಲಗೆಯ ಮೇಲೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸೆದಿದ್ದರು. ಬ್ಯಾಟರಿ ಹಳತಾದಂತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಸೋರಿ, ಹಲಗೆಯ ತಾಮ್ರದ ಪಥಗಳನ್ನು ತಿನ್ನುತ್ತದೆ. ಇಂತಹ ಪಥಗಳ ದಪ್ಪವಾದರೋ ಸಾಮಾನ್ಯವಾಗಿ 1 ಮಿಲಿಮೀಟರಿನ ಸುಮಾರು 30ನೆಯ ಒಂದು ಪಾಲು ಮಾತ್ರ!

ಹಾಗಾದರೆ ದುರಸ್ತಿ ಮಾಡಬೇಕೆ, ಬಿಡಬೇಕೆ? ಮೊದಲು ಬ್ಯಾಟರಿಯನ್ನು ತೆಗೆದು, ತಿಳಿಯಾದ ವಿನೆಗರಿನಿಂದ ಕ್ಷಾರವನ್ನು ತಟಸ್ಥಗೊಳಿಸಿ, ಶುದ್ಧ ನೀರಿನಲ್ಲಿ ತೊಳೆದು ಒಣಗಿಸಬೇಕು. ಬಳಿಕ ಮಲ್ಟಿಮೀಟರಿನಿಂದ ಒಂದೊಂದು ಪಥವನ್ನೂ ಪರೀಕ್ಷಿಸಬೇಕು. ಕಡಿದವು ಕೆಲವೇ ಆದರೆ ಸಣ್ಣ ತಂತಿಗಳಿಂದ ಕೂಡಿಸಬಹುದು. ರಂಧ್ರಗಳೊಳಗಣ ತಾಮ್ರವೂ ಕರಗಿ, ಹಲಗೆಯೇ ಜರ್ಜರಿತವಾಗಿದ್ದರೆ ಶ್ರಮ ವ್ಯರ್ಥ.

ಆಗಲೂ ಯಂತ್ರವನ್ನು ಎಸೆಯಲಾಗದು. ಅದನ್ನು ತಯಾರಿಸಿದ ಕಮೊಡೋರ್ ಸಂಸ್ಥೆ 1994ರಲ್ಲಿಯೇ ದಿವಾಳಿಯಾಯಿತು. ಆಗ್ನಸ್, ಡೆನಿಸ್, ಪೌಲಾ ಎಂಬ ಅದರ ವಿಶೇಷ ಚಿಪ್‌ಗಳು ಈಗ ತಯಾರಾಗುತ್ತಿಲ್ಲ. ಅವು ಕೆಡದಿದ್ದರೆ, ಸಾಕೆಟ್ಟಿನಿಂದ ಬಿಡಿಸಿ ಬೇರೊಂದು ಹಲಗೆಗೆ ಸೇರಿಸಬಹುದು. ಉಳಿಸಬೇಕಾದುದು ಯಾವುದೆಂದು ನಿರ್ಣಯಿಸಿದ ಮೇಲೆಯೇ ಬೆಸುಗೆಗೆ ಕೈಹಾಕುವುದು ಲೇಸು.