ನೆಲ ಬಿಡುವ ಮೊದಲೇ ಮುಗಿಯುವ ಜಿಗಿತ

ಮಳೆ ನಿಂತಿತೆಂದರೆ ಕಾಪುವಿನಿಂದ ಕಾರ್ಕಳದವರೆಗೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳ ಕಾಲ. ಪುರುಷರ ನೆಟ್‌ನ ಎತ್ತರ 2.43 ಮೀಟರ್. ಲಿಫ್ಟರ್ ಎತ್ತಿಕೊಟ್ಟ ಚೆಂಡನ್ನು ಅದಕ್ಕೂ ಮೇಲಿಂದ ಸ್ಮ್ಯಾಶ್ ಮಾಡುವವನನ್ನು ಕಂಡಾಗ ‘ಕಾಲಲ್ಲಿ ಎಂಥ ಬಲ ಮಾರಾಯ!’ ಎನ್ನುತ್ತೇವೆ. ಬಲ ಬೇಕು, ನಿಜ. ಆದರೆ ಜಿಗಿತದ ಗುಟ್ಟು ಅರ್ಧಕ್ಕರ್ಧ ಹೊತ್ತು ಹೊಂದಿಸುವುದರಲ್ಲಿದೆ.

ಪಾದ ನೆಲ ಬಿಟ್ಟ ಮೇಲೆ ಆಟಗಾರನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಗಾಳಿಯಲ್ಲಿ ಎಷ್ಟೇ ಕೈಕಾಲು ಆಡಿಸಿದರೂ ದೇಹದ ಗುರುತ್ವ ಕೇಂದ್ರ ಮೊದಲೇ ನಿಗದಿಯಾದ ಹಾದಿಯಲ್ಲೇ ಸಾಗುತ್ತದೆ. ಅರ್ಧ ಮೀಟರ್ ಏರಲು ನೆಲ ಬಿಡುವ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 3.1 ಮೀಟರ್ ವೇಗ ಬೇಕು. ಎತ್ತರ ಈ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ, ವೇಗ ಶೇ. 5ರಷ್ಟು ಹೆಚ್ಚಿದರೆ ಎತ್ತರ ಶೇ. 10ರಷ್ಟು ಹೆಚ್ಚುತ್ತದೆ.

ಒಳ್ಳೆಯ ಸ್ಮ್ಯಾಶರ್‌ನ ಕೊನೆಯ ಎರಡು ಹೆಜ್ಜೆಗಳನ್ನು ಗಮನಿಸಿ. ಮೊದಲನೆಯದು ಉದ್ದ, ಅದರಲ್ಲೇ ದೇಹ ತಗ್ಗುತ್ತದೆ, ಎರಡೂ ಕೈ ಬೆನ್ನ ಹಿಂದಕ್ಕೆ ಹೋಗುತ್ತವೆ. ಎರಡನೆಯದು ಚಿಕ್ಕದು, ಚುರುಕು. ತಗ್ಗಿದವನು ಅಲ್ಲಿ ನಿಲ್ಲುವುದಿಲ್ಲ, ತಕ್ಷಣ ಏಳುತ್ತಾನೆ. ಕುಕ್ಕರಿಸಿ ನಿಂತು ಹಾರಿದರೆ ಕೆಲವು ಸೆಂಟಿಮೀಟರ್ ಖೋತಾ. ಸ್ನಾಯು ರಬ್ಬರಿನಂತೆ ಎಳೆದುಕೊಂಡು ಚಿಮ್ಮುತ್ತದೆ ಎಂಬುದು ಇದಕ್ಕೆ ಸಿಗುವ ರೂಢಿಯ ವಿವರಣೆ. ಮುಖ್ಯ ಕಾರಣ ಬೇರೆ: ಸ್ನಾಯು ಪೂರ್ಣ ಬಲಕ್ಕೆ ಬರಲು ಒಂದಿಷ್ಟು ಸಮಯ ಬೇಕು. ಕೆಳಗಿಳಿಯುವಾಗಲೇ ಆ ಬಲ ಕೂಡಿಬಂದಿದ್ದರೆ, ಏಳುವ ಮೊದಲ ಇಂಚಿನಿಂದಲೇ ಪೂರ್ತಿ ಒತ್ತು ಸಿಗುತ್ತದೆ.

ಕೈಗಳದ್ದೂ ಸಣ್ಣ ಪಾಲಲ್ಲ. ಮೇಲಕ್ಕೆ ಬೀಸುವ ಕೈಗಳು ಮುಂಡವನ್ನು ಕೆಳಕ್ಕೊತ್ತುತ್ತವೆ. ಇದರಿಂದ ಕಾಲು ನಿಧಾನವಾಗಿ ನೆಟ್ಟಗಾಗುತ್ತದೆ. ನಿಧಾನವಾಗಿ ಕುಗ್ಗುವ ಸ್ನಾಯುವಿಗೆ ಬಲ ಹೆಚ್ಚು. ನೆಲ ಬಿಡುವ ವೇಗದಲ್ಲಿ ಸುಮಾರು ಶೇ. 10 ಕೈಬೀಸಿನ ಕೊಡುಗೆ.

ಮಣಿಪಾಲದ ಜಿಮ್ಮಿನಲ್ಲಿ ಮಳೆಗಾಲವಿಡೀ ಸ್ಕ್ವಾಟ್ ಹೊಡೆದು, ಜಂಪ್ ಏರಲೇ ಇಲ್ಲ ಎನ್ನುವ ಹುಡುಗರಿಗೆ ನೆದರ್ಲೆಂಡ್ಸ್‌ನ ಸಂಶೋಧಕರಾದ ಬಾಬರ್ಟ್ ಮತ್ತು ವಾನ್ ಸೂಸ್ಟ್ 1994ರಲ್ಲೇ ಉತ್ತರ ಕೊಟ್ಟಿದ್ದಾರೆ. ಕಂಪ್ಯೂಟರ್ ಮಾದರಿಯಲ್ಲಿ ಅವರು ಸ್ನಾಯುಗಳನ್ನು ಬಲಪಡಿಸಿ, ಅವು ಕೆಲಸ ಶುರುಮಾಡುವ ಹೊತ್ತನ್ನು ಹಳೆಯದೇ ಇಟ್ಟರು. ಜಿಗಿತದ ಎತ್ತರ ಇಳಿಯಿತು! ಹೊಸ ಬಲಕ್ಕೆ ತಕ್ಕಂತೆ ಹೊತ್ತನ್ನು ಹೊಂದಿಸಿದಾಗಷ್ಟೇ ಏರಿತು. ಅಂದರೆ ಭಾರ ಎತ್ತುವ ದಿನಗಳಲ್ಲೂ ಜಿಗಿತದ ಅಭ್ಯಾಸ ಬಿಡುವಂತಿಲ್ಲ.

ಯಕ್ಷಗಾನದ ಪುಂಡುವೇಷಧಾರಿ ಭಾರದ ವೇಷಭೂಷಣ ಹೊತ್ತೂ ಚೆಂಡೆಯ ಪೆಟ್ಟಿಗೆ ಸರಿಯಾಗಿ ದಿಗಿಣ ಹಾರುತ್ತಾನಲ್ಲ, ಅವನಿಗೆ ಹೊತ್ತಿನ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೈಜಂಪ್‌ನಲ್ಲಿ ತಂತ್ರದ ಪಾಲು ಇನ್ನೂ ದೊಡ್ಡದು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ ಹಾರಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಬಾಗಿದ ದೇಹ ಬಾರ್‌ನ ಮೇಲೆ ಹಾದರೂ ಗುರುತ್ವ ಕೇಂದ್ರ ಅದರ ಕೆಳಗೇ ಹಾಯಬಲ್ಲದು. ನಮ್ಮ ಪಕ್ಕದ ಮಂಗಳೂರಿನ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು.

ನಿಮ್ಮ ಜಿಗಿತ ಅಳೆಯಬೇಕೆ? ಅಜ್ಜರಕಾಡು ಮೈದಾನದಲ್ಲೋ ಮನೆಯಂಗಳದಲ್ಲೋ ಮೊಬೈಲಿನ ಸ್ಲೋಮೋಷನ್‌ನಲ್ಲಿ ಪಾದವನ್ನಷ್ಟೇ ಚಿತ್ರೀಕರಿಸಿ. ಗಾಳಿಯಲ್ಲಿದ್ದ ಸೆಕೆಂಡುಗಳ ವರ್ಗವನ್ನು 1.23ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ, 0.6 ಸೆಕೆಂಡ್ ಎಂದರೆ ಸುಮಾರು 44 ಸೆಂಟಿಮೀಟರ್. ಒಮ್ಮೆ ಸೊಂಟಕ್ಕೆ ಕೈಯಿಟ್ಟು, ಒಮ್ಮೆ ಕೈಬೀಸಿ ಹಾರಿ ನೋಡಿ. ನೆಲ ಮುಟ್ಟುವವರೆಗೆ ಮೊಣಕಾಲು ಮಡಚಬೇಡಿ, ಮುಟ್ಟಿದ ಮೇಲೆ ಮಡಚಿ. ಮೊದಲೇ ಮಡಚಿದರೆ ಲೆಕ್ಕ ಸುಳ್ಳು, ಆಮೇಲೂ ಮಡಚದಿದ್ದರೆ ಮೊಣಕಾಲಿಗೇ ಪೆಟ್ಟು.