ಡಬ್ಬಿ ಅದೇ, ಒಳಗಿನದು ಬೇರೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವಾಗ ದೇವಲ ಗಾಣಗಾಪುರದ ದಾರಿ ಒಡೆಯುವುದು ಚೌಡಾಪುರದಲ್ಲಿ. ಹುಣ್ಣಿಮೆ, ಅಮಾವಾಸ್ಯೆ, ಗುರುವಾರ ಬಂತೆಂದರೆ ದತ್ತನ ಭಕ್ತರಿಗಾಗಿ ಇಲ್ಲಿ ಕ್ರೂಸರ್, ಟಂಟಂಗಳು ಸಾಲುಗಟ್ಟುತ್ತವೆ. ಸಾಲಿನಲ್ಲಿ ಮಿಂಚುವ ಗಾಡಿಗೇ ಜನ ಮೊದಲು ಹತ್ತುತ್ತಾರೆಂಬುದು ಚಾಲಕರ ನಂಬಿಕೆ. ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಕಪ್ಪು ಕ್ರೂಸರಿನ ಚಾಲಕರೊಬ್ಬರು ಬಾನೆಟ್ ತಿಕ್ಕುತ್ತ ಗೊಣಗುತ್ತಿದ್ದರು: “ಮೊದಲಿನ ಮಾಲ್ ಉಳಿದಿಲ್ರೀ ಸರ್. ಡಬ್ಬಿ ಅದೇ ಅದ, ಒಳಗಿಂದು ಬ್ಯಾರೆ ಆಗ್ಯಾದ. ಮೊದಲ ಒಂದ್ಸಲ ಹಚ್ಚಿದ್ರ ಕನ್ನಡಿ ಆಗ್ತಿತ್ತು.”

ಅವರ ಬಳಿ ತಳದಲ್ಲಿ ಎರಡು ಬೆರಳಷ್ಟು ಉಳಿದಿದ್ದ ಹಳೆಯ ಡಬ್ಬಿಯೂ ಇತ್ತು. ಎರಡನ್ನೂ ಮೂಸಿ ನೋಡಿದೆ. ಹಳೆಯದರಲ್ಲಿ ಸೀಮೆಎಣ್ಣೆಯಂಥ ಘಾಟು. ಹೊಸದರಲ್ಲಿ ಎಂಥದೋ ಹಣ್ಣಿನ ವಾಸನೆ. ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೆಟ್ಟಿದ್ದು ಪಾಲಿಶ್ಶೋ, ಬೇರೇನೋ?

ಪಾಲಿಶ್ ಎಂಬುದು ಒಂದೇ ವಸ್ತುವಲ್ಲ, ಮೂರು ಕೆಲಸಗಳ ಮಿಶ್ರಣ. ಸಣ್ಣ ಕಣಗಳಿಂದ ಬಣ್ಣದ ಮೇಲ್ಪದರವನ್ನು ತುಸು ತೇಯುವುದು ಒಂದು. ಎಣ್ಣೆ, ಮೇಣಗಳಿಂದ ಗೀರು ತುಂಬುವುದು ಇನ್ನೊಂದು. ಮೇಲೆ ನೀರು ನಿಲ್ಲದ ತೆಳುಪೊರೆ ಬಿಡುವುದು ಮೂರನೆಯದು. ಗ್ಲೇಜ್ ಎಂದು ಮಾರುವ ಮಾಲಿನಲ್ಲಿ ಎರಡನೆಯ ಕೆಲಸಕ್ಕೇ ದೊಡ್ಡ ಪಾಲು. ಅದು ಗೀರನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ.

ಮುಚ್ಚುವುದು ಹೇಗೆಂದು ನೋಡಲು ನಮ್ಮ ಕಡೆಯ ಯಾವುದೇ ಮನೆಯ ಅಂಗಳ ಸಾಕು. ಶಹಾಬಾದ್ ಫರಸಿ ಒಣಗಿದ್ದಾಗ ಬೂದಿ ಬೂದಿ. ಒಂದು ತಂಬಿಗೆ ನೀರು ಚೆಲ್ಲಿ, ಕೂಡಲೇ ಕಪ್ಪಾಗಿ ಹೊಳೆಯುತ್ತದೆ. ಕಲ್ಲಿನ ಬಣ್ಣವೇನೂ ಬದಲಾಗಲಿಲ್ಲ. ಒರಟು ಮೈಯ ಸಾವಿರ ಉಬ್ಬುತಗ್ಗುಗಳು ಬೆಳಕನ್ನು ಕಂಡಕಂಡಲ್ಲಿ ಚೆದುರಿಸುತ್ತಿದ್ದವು. ನೀರು ಆ ತಗ್ಗುಗಳನ್ನು ತುಂಬಿ ಮೈಯನ್ನು ಸಪಾಟು ಮಾಡಿತು, ಅಷ್ಟೆ. ಕಾರಿನ ಮೇಲೂ ನಡೆಯುವುದು ಇದೇ. ಗಾಳಿಯ ವಕ್ರೀಭವನಾಂಕ 1, ಬಣ್ಣದ ಮೇಲಿನ ಪಾರದರ್ಶಕ ಪದರದ್ದು ಸುಮಾರು 1.5. ಗೀರಿನೊಳಗೆ ಗಾಳಿಯಿದ್ದರೆ ಬೆಳಕು ಅಲ್ಲಿ ಎಡವಿ ಚೆದುರುತ್ತದೆ, ಗೀರು ಬಿಳಿಯಾಗಿ ಕಾಣುತ್ತದೆ. ಅಲ್ಲಿಗೆ 1.4ರ ಆಸುಪಾಸಿನ ಎಣ್ಣೆ ಹೊಕ್ಕರೆ ಎಡವುವುದು ಕಡಿಮೆ, ಗೀರು ಮಾಯ. ಫರಸಿ ಒಣಗುವ ಹಾಗೆ ಇದೂ ನಾಲ್ಕು ಸಲ ತೊಳೆದರೆ ಹೋಗುತ್ತದೆ.

ಹಾಗಾದರೆ ಸೂತ್ರ ಬದಲಾಗುವುದೇಕೆ? ಕಾಸು ಉಳಿಸಲಿಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ಅದೂ ನಿಜ. ಆದರೆ ಕಾನೂನೂ ಬದಲಿಸುತ್ತದೆ. ನಮ್ಮಲ್ಲೇ 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದಾದಾಗ ಬಣ್ಣದ ಕಂಪನಿಗಳು ಸೂತ್ರ ತಿದ್ದಬೇಕಾಯಿತು. ಪಾಲಿಶ್‌ಗಳ ಮಟ್ಟಿಗೆ ಕಣ್ಣು ಬಿದ್ದದ್ದು ಹಾರಿಹೋಗುವ ದ್ರಾವಕಗಳ ಮೇಲೆ, ಈಚೆಗೆ ಕೆಲವು ಸಿಲಿಕೋನ್‌ಗಳ ಮೇಲೆ. ಪರಿಸರದಲ್ಲಿ ಕರಗದೆ ಉಳಿಯುತ್ತವೆಂಬ ಕಾರಣಕ್ಕೆ ಡಿ4, ಡಿ5, ಡಿ6 ಎಂಬ ಮೂರರ ಮೇಲಿನ ನಿರ್ಬಂಧವನ್ನು ಯುರೋಪಿಯನ್ ಒಕ್ಕೂಟ 2024ರಲ್ಲಿ ಮೇಣ, ಪಾಲಿಶ್‌ಗಳಿಗೂ ವಿಸ್ತರಿಸಿತು. ಹಲವು ದೇಶಗಳಿಗೆ ಮಾಲು ಕಳಿಸುವ ಕಂಪನಿ ದೇಶಕ್ಕೊಂದು ಸೂತ್ರ ಇಟ್ಟುಕೊಂಡು ಕೂರುವುದು ಕಷ್ಟ.

ಘಾಟು ಹೋದದ್ದಕ್ಕೆ ಇದೇ ಕಾರಣ ಇರಬಹುದು. ಸೀಮೆಎಣ್ಣೆಯ ಜಾತಿಯ ದ್ರಾವಕ ನಿಧಾನವಾಗಿ ಆರುತ್ತದೆ, ತಿಕ್ಕಲು ಪುರಸತ್ತು ಕೊಡುತ್ತದೆ. ಅದರ ಪಾಲು ಇಳಿಸಿ ನೀರಿನ ಪಾಲು ಏರಿಸಿದರೆ ತಣ್ಣಗಿನ ಊರಲ್ಲಿ ಯಾರಿಗೂ ಗೊತ್ತಾಗದು. ಚೌಡಾಪುರದ ಏಪ್ರಿಲ್ ಬೇರೆ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಮೇಲೆ ಕೈ ಇಡಲಾಗದು; ಅಲ್ಲಿ ಹಚ್ಚಿದ ನೀರು ನೋಡುತ್ತಿದ್ದಂತೆ ಆರಿ ಬಾಗಿಲ ಸಂದು, ರಬ್ಬರ್ ಪಟ್ಟಿಗಳಲ್ಲಿ ಬಿಳಿ ಪುಡಿ ಕೂರುತ್ತದೆ. ನಮ್ಮ ಚಾಲಕರ ಎರಡನೆಯ ದೂರು ಸರಿಯಾಗಿ ಇದೇ ಆಗಿತ್ತು. ಬೆಳಗಿನ ಆರಕ್ಕೆ ಹಚ್ಚಿದ್ದರೆ ಆ ದೂರು ಇರುತ್ತಿರಲಿಲ್ಲ.

ಮೇಣದ ಕತೆಯೂ ಬಿಸಿಲಿನದೇ. ಪಾಲಿಶ್ ಲೋಕದ ರಾಜ ಕಾರ್ನೌಬಾ, ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಮೇಣ. ನಮ್ಮ ಬಯಲುಸೀಮೆಯಂತೆ ಮಳೆ ಕಡಿಮೆ ಇರುವ ಆ ನೆಲದಲ್ಲಿ ಎಲೆಯ ನೀರು ಹಾರದಿರಲೆಂದು ಮರ ತನ್ನ ಗರಿಗಳಿಗೆ ತಾನೇ ಹಚ್ಚಿಕೊಂಡ ಲೇಪ ಅದು. ಗರಿ ಕಡಿದು, ಒಣಗಿಸಿ, ಬಡಿದು ಪುಡಿ ಉದುರಿಸುತ್ತಾರೆ. (ಮಕ್ಕಳ ಬಣ್ಣದ ಮಿಠಾಯಿ ಪೊಟ್ಟಣದ ಮೇಲೆ ಐಎನ್‌ಎಸ್ 903 ಎಂದು ಕಂಡರೆ ಇದೇ ಮೇಣ.) ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಜೇನುಮೇಣ 62–64ಕ್ಕೇ ಕರಗುತ್ತದೆ, ಅಗ್ಗದ ಪ್ಯಾರಾಫಿನ್‌ಗಳಲ್ಲಿ ಹಲವು ಅದಕ್ಕೂ ಮೊದಲೇ. ಮೊದಲನೆಯದನ್ನು ತಗ್ಗಿಸಿ ಕೊನೆಯದನ್ನು ಹೆಚ್ಚಿಸಿದರೆ ಪೊರೆ ಬಿಸಿಲಲ್ಲಿ ಮೆತ್ತಗಾಗಿ ಎರಿಮಣ್ಣಿನ ಧೂಳನ್ನು ಹಿಡಿದುಕೊಳ್ಳುತ್ತದೆ. ನೀರು ಮುತ್ತಿನಂತೆ ಉರುಳುವುದನ್ನು ನೋಡಿ ಪಾಲಿಶ್ ಗಟ್ಟಿಯೆಂದು ತೀರ್ಮಾನಿಸುವವರಿದ್ದಾರೆ. ಚೂರು ಸಿಲಿಕೋನ್ ಎಣ್ಣೆ ಬೆರೆಸಿದರೂ ನೀರು ಹಾಗೇ ಉರುಳುತ್ತದೆ.

ಇವೆಲ್ಲಕ್ಕಿಂತ ಜೋಪಾನ ಬೇಕಾದದ್ದು ತೇಯುವ ಕಣಗಳ ಬದಲಾವಣೆಗೆ. ಕೆಲವು ಕಣಗಳು ತಿಕ್ಕಿದಂತೆ ಒಡೆದು ನುಣ್ಣಗಾಗುತ್ತವೆ. ಎಷ್ಟು ತಿಕ್ಕಿದರೂ ಕೊನೆಗೆ ತೇಯುವುದು ನಿಲ್ಲುತ್ತದೆ. ಅಲ್ಯೂಮಿನಿಯಂ ಆಕ್ಸೈಡಿನ ಕೆಲವು ಕಣಗಳು ಒಡೆಯುವುದೇ ಇಲ್ಲ, ಕೈ ನಿಲ್ಲುವವರೆಗೂ ತೇಯುತ್ತಲೇ ಇರುತ್ತವೆ. ಮೇಲಿನ ಪಾರದರ್ಶಕ ಪದರ ಇರುವುದೇ 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಅಂಬಾಸಿಡರ್ ಕಾಲದಲ್ಲಿ ತಿಕ್ಕಿದ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತುತ್ತಿತ್ತು, ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಈಗ ಸವೆಯುವುದು ಬಣ್ಣವಿಲ್ಲದ ಪದರ. ಬಟ್ಟೆ ಏನನ್ನೂ ಹೇಳುವುದಿಲ್ಲ. ಹಳೆಯ ಡಬ್ಬಿಗೆ ಪಳಗಿದ ಕೈ ಹೊಸದನ್ನೂ ಅಷ್ಟೇ ಹೊತ್ತು ತಿಕ್ಕುತ್ತದೆ.

ಮರುವಾರ ಬೆಳಿಗ್ಗೆ ಬಾನೆಟ್ ನಡುವೆ ಪೇಂಟರ್ ಟೇಪ್ ಹಚ್ಚಿ ಒಂದು ಬದಿಗೆ ಹಳೆಯದು, ಇನ್ನೊಂದು ಬದಿಗೆ ಹೊಸದು ಹಚ್ಚಿದೆವು. ಚಾಲಕರು ಗೆದ್ದರು: ಹಳೆಯ ಬದಿ ಕನ್ನಡಿ, ಹೊಸ ಬದಿಯಲ್ಲಿ ಸೂರ್ಯನ ಸುತ್ತ ಜೇಡರ ಬಲೆಯಂಥ ಉಂಗುರಗಳು. (ಗೀರುಗಳು ಉಂಗುರವಾಗಿರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಪ್ರತಿಬಿಂಬಕ್ಕೆ ಅಡ್ಡ ಬಂದವಷ್ಟೇ ಹೊಳೆದು ಬಲೆಯ ಹಾಗೆ ತೋರುತ್ತವೆ.) ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಬದಿ ಒರೆಸಿದೆ. ಎಣ್ಣೆ ಹೋಯಿತು. ಹಳೆಯ ಬದಿಯಲ್ಲೂ ಬಲೆ ಎದ್ದಿತು. ನಿಜ ಹೇಳಬೇಕೆಂದರೆ ಹೊಸ ಬದಿಗಿಂತ ತುಸು ಹೆಚ್ಚೇ. ಹೊಸದು ಅಷ್ಟಿಷ್ಟು ತೇಯ್ದಿತ್ತು.

“ಇಷ್ಟು ಗೀರು ಎಲ್ಲಿಂದ ಬಂದ್ವು ರೀ?” ಎಂದರು. ಹೆಗಲ ಮೇಲಿನ ವಲ್ಲಿಯ ಕಡೆ ನೋಡಿದೆ. ಗಾಡಿ ನಿಂತ ಕಡೆಯೆಲ್ಲ ಒಣ ಧೂಳನ್ನು ಅದರಿಂದಲೇ ಝಾಡಿಸಿ ಒರೆಸುವುದು ರೂಢಿ. ಧೂಳಿನಲ್ಲಿ ಸೇರಿರುವ ಉಸುಕಿನ ಹರಳು ಬಾನೆಟ್‌ನ ಮೇಲ್ಪದರಕ್ಕಿಂತ ಎಷ್ಟೋ ಗಟ್ಟಿ. ಎರಡು ಕೊಡ ನೀರು ಸುರಿದು ಆಮೇಲೆ ಒರೆಸಿ ಎಂದೆ. ಅವರು ವಲ್ಲಿಯನ್ನು ಬಿಚ್ಚಿ, ಮಡಚಿ, ಸೀಟಿನ ಮೇಲೆ ಹಾಕಿದರು. ಹಳೆಯ ಡಬ್ಬಿಯ ಮುಚ್ಚಳ ಬಿಗಿದು ಅದರ ಪಕ್ಕಕ್ಕಿಟ್ಟರು.

“ಇದು ಹುಣ್ಣಿವಿಗಿ ಇರ್ಲಿ ಬಿಡ್ರೀ ಸರ್. ಅವತ್ತ ಮಂದಿ ಭಾಳ ಬರ್ತಾರ.”